ಬಾಡಿಗೆಗೆ ಕೊಟ್ಟ ಯಂತ್ರ

ನಮ್ಮ ತಂದೆಯವರು ಗಾರೆ ಮೇಸ್ತ್ರಿಗಳು. ಕೆಲಸವಿಲ್ಲದ ದಿನಗಳಲ್ಲಿ ತಮ್ಮ ಕಾಂಕ್ರೀಟ್ ಮಿಕ್ಸರನ್ನು ಇತರ ಮೇಸ್ತ್ರಿಗಳಿಗೆ ಬಾಡಿಗೆಗೆ ಕೊಡುವುದುಂಟು. ನಂಬಿಕೆಯ ಮೇಲೆ ನಡೆಯುವ ಈ ವ್ಯವಹಾರಕ್ಕೂ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ನಿಯಮಗಳಿವೆ. ಪಡೆದವನು ಯಂತ್ರವನ್ನು, ವಿವೇಕಿಯು ತನ್ನ ಸ್ವಂತ ವಸ್ತುವನ್ನು ಕಾಪಾಡುವಂತೆ ಕಾಪಾಡಬೇಕು (151ನೆಯ ಕಲಮು). ಒಪ್ಪಿದ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸಿ ಕೆಟ್ಟರೆ ನಷ್ಟ ಅವನದೇ (154). ಆದರೆ 150ನೆಯ ಕಲಮು ಮಾಲಿಕನನ್ನು ಹಿಡಿಯುತ್ತದೆ: ಯಂತ್ರದಲ್ಲಿದ್ದ ದೋಷದಿಂದ ಪಡೆದವನಿಗೆ ಹಾನಿಯಾದರೆ, ಆ ದೋಷವು ತನಗೆ ತಿಳಿದಿರಲಿಲ್ಲವೆಂಬ ಮಾತು ನಡೆಯದು. ಸವೆದ ತಂತಿಹಗ್ಗವೊಂದು ಹರಿದರೆ ಅವನ ಕೈಯೂ ಹೋದೀತು, ನಮ್ಮ ಮನೆಯ ಗಳಿಕೆಯೂ ಹೋದೀತು. ಆದುದರಿಂದ ಯಂತ್ರ ಹೊರಡುವ ಮುನ್ನ ಇಬ್ಬರೂ ನಿಂತು ಪರೀಕ್ಷಿಸಿ, ಅದರ ಸ್ಥಿತಿಯನ್ನೂ ಮಾಡುವ ಕೆಲಸವನ್ನೂ ಬರೆದು ಸಹಿ ಹಾಕುವುದು ಲೇಸು. ಬರೆದ ಚೀಟಿಯಿಂದ ಸ್ನೇಹ ಕೆಡದು.