ಕೊಳ್ಳದ ದಾರಿಯಲ್ಲಿ ಮಕ್ಕಳು

ನಮ್ಮ ಕಡೆಯ ಮಾತಿನಲ್ಲಿ ಹಳ್ಳವೇ ಬೇರೆ, ಕೊಳ್ಳವೇ ಬೇರೆ. ಹಳ್ಳವು ಎರೆಭೂಮಿಯನ್ನು ಕೊರೆದುಕೊಂಡು ಬಯಲಿನಲ್ಲಿ ಹರಿಯುವಂಥದು; ಕೊಳ್ಳವು ಎರಡು ಬಂಡೆಗೋಡೆಗಳ ನಡುವೆ ನೀರು ದಾರಿ ಮಾಡಿಕೊಂಡ ತಗ್ಗು. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ಸಾರವಾಡದ ಬಳಿ ಹಾಯ್ದು, ಮುಂದೆ ಕೃಷ್ಣೆಯನ್ನು ಸೇರುವ ಡೋಣಿಯಲ್ಲಿ ಬಂಡೆಯ ನೆರಳೂ ಇಲ್ಲ, ಕುಡಿಯಲು ಯೋಗ್ಯವಾದ ನೀರೂ ಇಲ್ಲ. ಅದರ ನೀರು ಸವಳು. ಆದುದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರದ ಸದ್ಭಕ್ತರು ಮಕ್ಕಳಿಗೆ ಕೊಳ್ಳವನ್ನು ತೋರಿಸಬೇಕೆಂದರೆ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆ ಜಿಲ್ಲೆಗೆ ಹೋಗುತ್ತಾರೆ. ಐಹೊಳೆಯ ಸಮೀಪದ ಸಿದ್ಧನಕೊಳ್ಳಕ್ಕೆ ಹೋಗುವವರು ಕೆಲವರು. ಬಾದಾಮಿಯಿಂದ ಗುಡ್ಡ ಹತ್ತಿ ಕಾಲುದಾರಿಯಲ್ಲಿ ಮಹಾಕೂಟಕ್ಕೆ ಇಳಿಯುವವರು ಕೆಲವರು. ಮಹಾಕೂಟದಲ್ಲಿದ್ದ, ಚಾಲುಕ್ಯ ಮಂಗಲೇಶನ ಶಾಸನವುಳ್ಳ ಕಂಬವು ಈಗ ನಮ್ಮ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳಿಗೆ ಅದನ್ನು ಮೊದಲು ತೋರಿಸಿ ಆಮೇಲೆ ಅದರ ಊರಿಗೆ ನಡೆಸಿಕೊಂಡು ಹೋದರೆ ನಡಿಗೆಗೆ ಒಂದು ಅರ್ಥ ಬರುತ್ತದೆಂದು ನಮಗೆ ತೋರುತ್ತದೆ.

ಈ ನಡಿಗೆಗಳು ದೂರದವಲ್ಲ. ಬಾದಾಮಿಯಿಂದ ಮಹಾಕೂಟಕ್ಕೆ ಕಾಲುದಾರಿಯಲ್ಲಿ ಸುಮಾರು 5 ಕಿ.ಮೀ. ಅಷ್ಟೇ. ಆದರೂ ಮಕ್ಕಳು ಬಳಲುವುದು ದೂರದಿಂದಲ್ಲ, ಬಿಸಿಲಿನಿಂದ. ಮರಳುಗಲ್ಲಿನ ಬಂಡೆಯು ಹತ್ತು ಗಂಟೆಯ ಹೊತ್ತಿಗೆ ಕಾಯ್ದು, ಮೇಲಿನಿಂದ ಸೂರ್ಯನೂ ಕೆಳಗಿನಿಂದ ಕಲ್ಲೂ ಒಟ್ಟಿಗೆ ಸುಡತೊಡಗುತ್ತವೆ. ಕೊಳ್ಳದೊಳಗೆ ಗಾಳಿ ಆಡುವುದೂ ಕಡಿಮೆ. ಮಗುವಿನ ದೇಹವು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಚರ್ಮವುಳ್ಳದ್ದಾದುದರಿಂದ ಹೊರಗಿನ ಕಾವನ್ನು ಬೇಗ ಹೀರಿಕೊಳ್ಳುತ್ತದೆ. ಬೆವರುವ ಶಕ್ತಿಯಾದರೋ ದೊಡ್ಡವರಿಗಿಂತ ಕಡಿಮೆ. ತಂದೆಗೆ ಹಿತವೆನಿಸುವ ಬಿಸಿಲು ಏಳು ವರ್ಷದ ಮಗಳಿಗೆ ಹಿತವಾಗಿರಬೇಕೆಂದೇನೂ ಇಲ್ಲ.

ಚರಕಾಚಾರ್ಯರು ತಡೆಯಬಾರದ ವೇಗಗಳನ್ನು ಹದಿಮೂರೆಂದು ಎಣಿಸಿದ್ದಾರೆ. ಮೂತ್ರ, ಹಸಿವೆ, ನೀರಡಿಕೆ, ನಿದ್ರೆ ಇವುಗಳ ಜೊತೆಗೆ ಶ್ರಮದಿಂದ ಬರುವ ಏದುಸಿರನ್ನೂ ಆ ಪಟ್ಟಿಯಲ್ಲಿ ಸೇರಿಸಿರುವುದು ಗಮನಿಸತಕ್ಕ ಸಂಗತಿ. ಪ್ರವಾಸದಲ್ಲಿ ನಾವು ಮಕ್ಕಳಿಂದ ತಡೆಯಿಸುವುದು ಹೆಚ್ಚಾಗಿ ಇವನ್ನೇ. ಕೆಲವು ವರ್ಷಗಳ ಹಿಂದೆ ಒಂಬತ್ತು ವರ್ಷದ ಬಾಲಕಿಯೊಬ್ಬಳನ್ನು ಸಾಯಂಕಾಲ ನಮ್ಮಲ್ಲಿಗೆ ಕರೆತಂದಿದ್ದರು. ತಲೆನೋವು, ವಾಂತಿ, ಮೈ ಬಿಸಿ. ಕೇಳಲಾಗಿ, ಬೆಳಗಿನಿಂದ ಮೂತ್ರಕ್ಕೆ ಹೋಗಿರಲಿಲ್ಲ. ಬಸ್ಸು ನಡುವೆ ನಿಲ್ಲುವುದಿಲ್ಲವೆಂದೂ ನೀರು ಹೆಚ್ಚು ಕುಡಿಯಬೇಡಿರೆಂದೂ ಹಿರಿಯರು ಹೇಳಿದ್ದರಂತೆ. ಮಗು ಹೇಳಿದ್ದನ್ನು ಕೇಳಿತ್ತು. ವಿಧೇಯವಾದ ಮಕ್ಕಳೇ ಇಂಥಲ್ಲಿ ಮೊದಲು ಬೀಳುತ್ತಾರೆ. ಹಟಮಾರಿಗಳು ಹೇಗಾದರೂ ನೀರು ಕುಡಿದಿರುತ್ತಾರೆ.

ನೀರಡಿಕೆಯಾದ ಮೇಲೆ ಕೊಡೋಣವೆಂದು ಕಾಯಬಾರದು. ಆಟದ ಹುರುಪಿನಲ್ಲಿ ಮಕ್ಕಳಿಗೆ ಅದು ತಿಳಿಯುವುದೇ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು ಅರ್ಧ ಲೋಟದಷ್ಟು ಕುಡಿಸಬೇಕು. ಮಗುವೊಂದಕ್ಕೆ 2 ಲೀಟರ್ ನೀರನ್ನು ಮನೆಯಿಂದಲೇ ಒಯ್ಯುವುದು ಲೇಸು. ಹೊಂಡದ ನೀರು ಎಷ್ಟು ತಿಳಿಯಾಗಿ ಕಂಡರೂ, ಅದು ತೀರ್ಥವೆಂಬ ಭಾವನೆಯಿದ್ದರೂ, ತಲೆಗೆ ಪ್ರೋಕ್ಷಿಸಿಕೊಳ್ಳಲು ಸಾಕು, ಹೊಟ್ಟೆಗೆ ಬೇಡ. ಮೇಲ್ಗಡೆ ದನಕರುಗಳೂ ಇರುತ್ತವೆ, ಜನರೂ ಇರುತ್ತಾರೆ. ವಾಂತಿಭೇದಿಯಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಣ್ಣ ಚಮಚದಿಂದ ಸಮನಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬೇಕು. ಉಪ್ಪು ಹೆಚ್ಚಾದರೆ ಅಪಾಯ. ಓಆರ್‌ಎಸ್ ಪೊಟ್ಟಣವಿದ್ದರೆ ಅದೇ ಉತ್ತಮ. ಇಂಡಿಯ ನಿಂಬೆಹಣ್ಣನ್ನು ಹಿಂಡಿದ ಪಾನಕವೂ ನಡಿಗೆಗೆ ಹಿತ.

ಬುತ್ತಿಯ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡಬೇಕಾದುದು ಬಹಳವಿಲ್ಲ. ಖಟಕ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಮೊಸರನ್ನವನ್ನು ಮಾತ್ರ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಇಡಬೇಡಿರಿ. ಆದರೆ ನಮ್ಮ ತಿಕೋಟಾದ ಮಣೂಕದ ಬಗ್ಗೆ ಒಂದು ಮಾತು ಹೇಳದೆ ಇರಲಾರೆವು. ಚರಕಸಂಹಿತೆಯಲ್ಲಿ ಶ್ರಮವನ್ನು ಪರಿಹರಿಸುವ ಹತ್ತು ದ್ರವ್ಯಗಳ ಗಣವೊಂದಿದೆ. ಅದರ ಮೊದಲ ಹೆಸರೇ ದ್ರಾಕ್ಷೆ. ಖರ್ಜೂರ, ದಾಳಿಂಬೆ, ಕಬ್ಬು ಇವೂ ಅದರಲ್ಲಿವೆ. ರಾತ್ರಿ ಚೆನ್ನಾಗಿ ತೊಳೆದು ನೆನೆಹಾಕಿದ ಹಿಡಿ ಮಣೂಕವನ್ನು ನೀರಿನ ಸಮೇತ ಕೊಟ್ಟರೆ ಅಂಗಡಿಯ ಬಣ್ಣದ ಶೀಶೆಗಳ ಅವಶ್ಯಕತೆಯೇ ಬೀಳುವುದಿಲ್ಲ. ತೋಟದವರಿಗೆ ಇದು ಗೊತ್ತು, ಆದರೂ ಅವರ ಮಕ್ಕಳ ಕೈಯಲ್ಲೇ ಆ ಶೀಶೆಗಳನ್ನು ಕಾಣುತ್ತೇವೆ!

ಎಷ್ಟು ನಡೆಸಬೇಕು? ಅರ್ಧಶಕ್ತಿಯವರೆಗೆ ಎಂಬುದು ಶಾಸ್ತ್ರದ ಉತ್ತರ. ಹಣೆ, ಮೂಗು, ಕಂಕುಳು, ಸಂದುಗಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧ ಶಕ್ತಿ ಮುಗಿದಂತೆ. ಮಕ್ಕಳಲ್ಲಿ ನಾವು ಇನ್ನೊಂದನ್ನೂ ನೋಡುತ್ತೇವೆ: ಒಂದೇ ಸಮನೆ ಮಾತಾಡುತ್ತಿದ್ದ ಮಗು ಸುಮ್ಮನಾದರೆ ಅಲ್ಲಿಯೇ ನೆರಳು ಹುಡುಕಿ ಕೂರಿಸಿರಿ. ಹೇಮಂತ, ಶಿಶಿರಗಳಲ್ಲಿ, ಬೆಳಗಿನ ಆರೂವರೆಗೆ ಹೊರಟು ಹತ್ತೂವರೆಯೊಳಗೆ ನೆರಳು ಸೇರುವಂತೆ ಯೋಜಿಸುವುದು ಸರಿ. ಚೈತ್ರ ವೈಶಾಖದ ರಜೆಯಲ್ಲಿ ಈ ನಡಿಗೆ ಬೇಡವೇ ಬೇಡ. ಮಗು ತಡವರಿಸಿ ಮಾತಾಡಿದರೆ, ದಿಕ್ಕು ತಪ್ಪಿದಂತೆ ನಡೆದರೆ, ಪ್ರಜ್ಞೆ ಮಸುಕಾದರೆ ಅದು ಬರೀ ಬಳಲಿಕೆಯಲ್ಲ, ಪ್ರಾಣಾಂತಿಕವಾದ ಉಷ್ಣಾಘಾತ. ಆಗ ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಬೇಕು. 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಜ್ವರದ ಗುಳಿಗೆಯಾಗಲಿ ನಮ್ಮ ಲೇಪ ಕಷಾಯಗಳಾಗಲಿ ಆ ಗಳಿಗೆಗೆ ಔಷಧವಲ್ಲ.

ಶ್ರಾವಣದಲ್ಲಿ ಸಿದ್ಧನಕೊಳ್ಳಕ್ಕೆ ಹೋಗುವವರು ಬಹಳ. ಮಳೆ ಬಿದ್ದರೆ ಅಲ್ಲಿ ಬಂಡೆಯ ಮೇಲಿನಿಂದ ನೀರು ಧುಮುಕುತ್ತದೆ; ನೋಟ ಸೊಗಸಾದುದೇ. ಆದರೆ ನಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲಿನ ಬಯಲಿನಲ್ಲಿ ಮಳೆಯಾಗಿ ನೀರು ಒಮ್ಮೆಲೆ ಬರಬಹುದು. ಬಂಡೆಯು ಎರೆಯಂತೆ ನೀರನ್ನು ಹೀರುವುದಿಲ್ಲ. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೇಲಿನಿಂದ ಮೊರೆತ ಕೇಳಿದರೆ ಚೀಲ ಪಾದರಕ್ಷೆಗಳನ್ನು ಬಿಟ್ಟು ಮಕ್ಕಳನ್ನು ಪಕ್ಕದ ಎತ್ತರಕ್ಕೆ ಹತ್ತಿಸಬೇಕು. ಹರಿವಿನ ಗುಂಟ ಕೆಳಕ್ಕೆ ಓಡಬಾರದು. ರಭಸದ ನೀರು ಅರ್ಧ ಅಡಿಯಿದ್ದರೂ ಬೆಳೆದವರನ್ನೇ ಕೆಡವುತ್ತದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಭಾವಚಿತ್ರ ತೆಗೆಯುವ ಹವ್ಯಾಸವನ್ನು ತಂದೆತಾಯಿಗಳು ಮೊದಲು ಬಿಡಬೇಕು.

ಒಣ ಕಲ್ಲುಗಳ ಸಂದಿನಲ್ಲಿ ಚೇಳು ಇರುತ್ತದೆ. ಕಲ್ಲು ಎತ್ತಿ ನೋಡುವುದು ಮಕ್ಕಳ ಸ್ವಭಾವ. ಕೆಂಪು ಚೇಳು ಕಡಿದಾಗ ದೊಡ್ಡವರಿಗೆ ಬರೀ ಉರಿಯಾಗಿ ಹೋದೀತು. ಮಕ್ಕಳಲ್ಲಿ ಅದು ಹೃದಯಕ್ಕೇ ಏರಬಹುದು. ಕೈಕಾಲು ತಣ್ಣಗಾಗುವುದು, ಬೆವರು, ವಾಂತಿ, ಇವು ಅದರ ಗುರುತು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಸಾಮಾನ್ಯ ಬೆಲೆಯ ಗುಳಿಗೆಯಿಂದ ಇಂಥ ಸಾವುಗಳನ್ನು ಬಹುಮಟ್ಟಿಗೆ ತಡೆದು ತೋರಿಸಿದರು. ಅದನ್ನು ವೈದ್ಯರ ಕೈಯಲ್ಲೇ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಳ್ಳಬೇಕು. ಮಂತ್ರ ಹಾಕುವವರಲ್ಲಿಗೆ ಹೋಗಿ ಹೊತ್ತು ಕಳೆಯಬೇಡಿರಿ. ಹಾವು ಕಡಿದರೂ ಅಷ್ಟೇ: ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಗುವನ್ನು ನಡೆಸದೆ ಎತ್ತಿಕೊಂಡೇ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಬಾದಾಮಿಯ ಕಡೆ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದರಿಂದ ಅತ್ತರು ಹಚ್ಚಿಕೊಂಡು ಹೋಗುವುದು, ಕೆಳಗೆ ಹೊಗೆ ಹಾಕುವುದು ಎರಡೂ ಸಲ್ಲದು.

ಮನೆಗೆ ಬಂದ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದುಗಳಲ್ಲಿ ಮುಳ್ಳು ಗಾಯಗಳಿವೆಯೇ ನೋಡಿ, ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ ಮಲಗಿಸಿರಿ. ಮರುದಿನ ಬೆಳಗ್ಗೆಯೂ ಮೂತ್ರವು ಗಾಢ ಹಳದಿಯಾಗಿಯೇ ಇದ್ದರೆ ಇನ್ನೂ ನೀರು ಸಾಲದೆಂದು ತಿಳಿಯಬೇಕು. ಚಹದ ಬಣ್ಣಕ್ಕೆ ತಿರುಗಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು.