ಅಂತ್ಯಕಾಲದಲ್ಲಿ ರಕ್ತಶರ್ಕರೆಯ ಲೆಕ್ಕ

ಮಧುಮೇಹವು ನಮ್ಮವರಿಗೆ ಹೊಸ ರೋಗವಲ್ಲ. ಸುಶ್ರುತಸಂಹಿತೆಯಲ್ಲಿಯೇ ಅದರ ವರ್ಣನೆಯುಂಟು. ಹೊಸದಾದುದು ಗ್ಲುಕೋಮೀಟರ್ ಎಂಬ ಪುಟ್ಟ ಯಂತ್ರ. ರೋಣ, ನರಗುಂದ, ಗಜೇಂದ್ರಗಡಗಳ ಅನೇಕ ಮನೆಗಳಲ್ಲಿ ಅದೀಗ ಪಂಚಾಂಗದ ಮಗ್ಗುಲಲ್ಲಿ ಇರುವದು. ಬೆರಳು ಚುಚ್ಚಿ ಒಂದು ಹನಿ ನೆತ್ತರನ್ನು ಪಟ್ಟಿಗೆ ತಾಗಿಸಿದರೆ ಕ್ಷಣಮಾತ್ರದಲ್ಲಿ ಅಂಕೆ ಮೂಡುವದು. ಉಪಕಾರಿಯಾದ ಸಾಧನವೇ ಅಹುದು. ಆದರೆ ರೋಗಿಯ ಆಯುಸ್ಸು ಇನ್ನು ಕೆಲವೇ ವಾರಗಳೆಂದು ವೈದ್ಯರು ತಿಳಿಸಿದ ಮೇಲೆಯೂ ಮೂರು ಹೊತ್ತು ಚುಚ್ಚುತ್ತಿರಬೇಕೆ?

ಗಜೇಂದ್ರಗಡದ ಒಂದು ಮನೆಯಲ್ಲಿ ಅರ್ಬುದರೋಗದಿಂದ ಹಾಸಿಗೆ ಹಿಡಿದ ವೃದ್ಧೆಯೊಬ್ಬರು ಒಂದು ಚಮಚೆ ಗೋದಿಹುಗ್ಗಿ ಬೇಡಿದುದನ್ನು ನಾವು ಕಂಡೆವು. ಮಗನು ವಹಿಯನ್ನು ತೆರೆದು, "ಬ್ಯಾಡ ಯವ್ವಾ, ನಿನ್ನಿ 220 ಬಂದಿತ್ತು" ಎಂದನು. ಅವನ ಮಾತೃಭಕ್ತಿಯನ್ನು ನಾವು ಅಲ್ಲಗಳೆಯೆವು. ಆದರೆ ಶರ್ಕರೆಯನ್ನು ಬಿಗಿಹಿಡಿಯುವದು ಮುಂದಿನ ಹತ್ತಾರು ವರ್ಷಗಳಲ್ಲಿ ಕಣ್ಣು, ಮೂತ್ರಪಿಂಡ, ನರಗಳು ಕೆಡದಿರಲೆಂದು. ಆ ವರ್ಷಗಳೇ ಇಲ್ಲದಿರುವಾಗ ಬಾಯಾರಿಕೆ, ಬಹುಮೂತ್ರಗಳು ಬಾಧಿಸದಿದ್ದರೆ ಸಾಕು; ಶರ್ಕರೆಯು ತೀರ ಇಳಿಯಲೂ ಬಾರದು. ಬ್ರಿಟನ್ನಿನಲ್ಲಿ 2021ರಲ್ಲಿ ಪರಿಷ್ಕರಿಸಿದ ವೈದ್ಯಸೂಚನೆಗಳು ಅಂತ್ಯಕಾಲದ ರೋಗಿಗೆ, ನಮ್ಮ ಯಂತ್ರಗಳ ಲೆಕ್ಕದಲ್ಲಿ, ಸುಮಾರು 108ರಿಂದ 270ರ ವರೆಗಿನ ಮಟ್ಟವನ್ನು ಒಪ್ಪುತ್ತವೆ. 220 ಅದರೊಳಗೇ ಬಂತಷ್ಟೆ! ವೈದ್ಯರನ್ನು ಕೇಳಿದ ಮೇಲೆ ಆಕೆಗೆ ಹುಗ್ಗಿ ದೊರೆಯಿತು.

ಏರುವದಕ್ಕಿಂತ ಇಳಿಯುವದಕ್ಕೇ ಹೆಚ್ಚು ಅಂಜಬೇಕು. ಆಹಾರವು ಎರಡು ಗುಟುಕು ಗಂಜಿಗೆ ಬಂದಿರುವದು. ಮೂತ್ರಪಿಂಡಗಳು ಸೋತು ಔಷಧವು ದೇಹದಲ್ಲಿ ಬಹುಕಾಲ ನಿಲ್ಲುವದು. ಗ್ಲಿಮೆಪಿರೈಡ್ ಗುಳಿಗೆಯೋ ಇನ್ಸುಲಿನ್ನೋ ಮಾತ್ರ ಹಳೆಯ ಪ್ರಮಾಣದಲ್ಲಿಯೇ ನಡೆದಿರುವದು. ಆಗ ಬೆವರು, ನಡುಕ, ಬಡಬಡಿಕೆ, ಮೂರ್ಛೆಗಳು ತೋರಿ, ಮನೆಯವರು ಅದನ್ನೇ ಮರಣಲಕ್ಷಣವೆಂದು ಬಗೆದಾರು. ಅಂಥ ಸಂಶಯದಲ್ಲಿ ಬೆರಳು ಚುಚ್ಚಿ ನೋಡುವದು ಸಾರ್ಥಕವೇ. ಅಂಕೆ ಇಳಿದಿದ್ದು ರೋಗಿಗೆ ಎಚ್ಚರವಿದ್ದರೆ ಸಕ್ಕರೆನೀರು ಕುಡಿಸಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಲಾಗದು, ಉಸಿರುನಾಳಕ್ಕೆ ಇಳಿದೀತು. ಕೂಡಲೇ ವೈದ್ಯರನ್ನು ಕರೆಯಬೇಕು. ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಔಷಧಗಳಿಂದ ಶರ್ಕರೆ ಏರುವದರಿಂದ ಅಲ್ಲಿಯೂ ಪರೀಕ್ಷೆ ಬೇಕಾಗುವದು.

ಇನ್ಸುಲಿನ್ನಿನಿಂದಲೇ ಬದುಕಿದ ಮೊದಲನೆಯ ಬಗೆಯ ರೋಗಿಗಳಿಗೆ ಅದನ್ನು ಪೂರ್ತಿ ನಿಲ್ಲಿಸಲಾಗದು. ದಿನಕ್ಕೊಮ್ಮೆ ಕೊಟ್ಟು ದಿನಕ್ಕೊಮ್ಮೆ ನೋಡುವ ಕ್ರಮವಿದೆ. ಗುಳಿಗೆಗಳಿಂದಲೇ ನಡೆದ ಎರಡನೆಯ ಬಗೆಯವರಿಗೆ ಕಡೆಯ ದಿನಗಳಲ್ಲಿ ಗುಳಿಗೆ, ಪರೀಕ್ಷೆ ಎರಡನ್ನೂ ವೈದ್ಯರು ಬಿಡಿಸುವದುಂಟು. ಮನೆಯವರು ತಾವಾಗಿಯೇ ಬಿಡತಕ್ಕುದಲ್ಲ. ಗದಗಿಗೋ ಹುಬ್ಬಳ್ಳಿಗೋ ಹೋದಾಗ, ಇನ್ನು ಎಷ್ಟು ಸಲ ನೋಡಬೇಕು, ಯಾವ ಅಂಕೆಗೆ ಏನು ಮಾಡಬೇಕು, ರಾತ್ರಿ ಯಾರನ್ನು ಕೇಳಬೇಕು ಎಂಬುದನ್ನು ಕನ್ನಡದಲ್ಲಿಯೇ ಬರೆಯಿಸಿಕೊಂಡು ಬಂದು, ಆ ಚೀಟಿಯನ್ನು ಯಂತ್ರದ ಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು.