ಹಿಮದಲ್ಲಿ ನಡೆದ ಪಾದಗಳು

ಕಳೆದ ಮಾಗಿಯಲ್ಲಿ ಹಳಿಯಾಳ ತಾಲೂಕಿನ ಮಾಜಿ ಸೈನಿಕರೊಬ್ಬರು ಸುಟ್ಟ ಗುಳ್ಳೆಗಳೆದ್ದ ಅಂಗಾಲುಗಳೊಡನೆ ದಾಂಡೇಲಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಚಳಿಯೆಂದು ಬಿಸಿನೀರಿನಲ್ಲಿ ಕಾಲಿಳಿಸಿ ಕುಳಿತಿದ್ದರಂತೆ. “ನೀರು ಸುಡೂದು ಕಾಲಿಗೆ ತಿಳೀಲೇ ಇಲ್ರೀ, ಡಾಕ್ಟರ್ರ” ಎಂದರು. ಎರಡು ವರ್ಷಗಳಿಂದ ಅವರ ಪಾದಗಳ ಜೋಮು, ಉರಿಗಳನ್ನು ವಾತರಕ್ತವೆಂದು ಭಾವಿಸಿ ಔಷಧ ಕೊಟ್ಟವರು ನಾವೇ. ಬಿಸಿನೀರಿನ ಶಾಖವನ್ನು ಸೂಚಿಸಿದವರೂ ನಾವೇ. ಸೇನೆಯಲ್ಲಿ ಎಲ್ಲಿದ್ದಿರಿ ಎಂದು ಅಂದಿನವರೆಗೆ ಕೇಳಿರಲಿಲ್ಲ. ಅವರು ಸಿಯಾಚಿನ್‌ನಲ್ಲಿದ್ದವರು.

1984ರ ಏಪ್ರಿಲ್‌ನಲ್ಲಿ ‘ಮೇಘದೂತ’ ಕಾರ್ಯಾಚರಣೆ ಆರಂಭವಾದಂದಿನಿಂದ ನಮ್ಮ ಸೇನೆ ಆ ಹಿಮನದಿಯನ್ನು ಕಾಯುತ್ತಿದೆ. 2016ರ ಫೆಬ್ರುವರಿಯಲ್ಲಿ ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದಿದ್ದು, ಬಳಿಕ ದೆಹಲಿಯಲ್ಲಿ ಅಗಲಿದ್ದು ನಮ್ಮೆಲ್ಲರಿಗೂ ನೆನಪಿದೆ. ಜೀವಂತವಾಗಿ ಮರಳಿದವರ ಪಾದಗಳನ್ನು ಕುರಿತು ಮಾತ್ರ ಯಾರೂ ಕೇಳುವುದಿಲ್ಲ.

ತೀವ್ರ ಶೀತದಲ್ಲಿ ದೇಹವು ಒಳಗಿನ ಮರ್ಮಸ್ಥಾನಗಳನ್ನು ಕಾಪಾಡಲು ಕೈಕಾಲುಗಳ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಅಂಗಾಂಶದಲ್ಲಿ ಹಿಮದ ಹರಳು ಕಟ್ಟಿ ನರಗಳು ಘಾಸಿಗೊಳ್ಳುತ್ತವೆ. ಚರ್ಮ ಮಾಯ್ದರೂ ಜೋಮು, ಉರಿ, ಅತಿಬೆವರು, ಸಂಧಿನೋವುಗಳು ವರ್ಷಗಳ ತರುವಾಯವೂ ಕಾಡಬಹುದು. ನಡಿಗೆ ವಾಲಿ ಮೊಣಕಾಲು, ಸೊಂಟಗಳೂ ನೋಯುತ್ತವೆ. ಇಂತಹ ಪಾದಗಳಿಗೆ ಬಿಸಿ ಶಾಖ ಸಲ್ಲದು. ನೀರಿನ ಬಿಸಿಯನ್ನು ಮನೆಯವರೇ ಮೊಣಕೈಯಿಂದ ನೋಡಲಿ. ಪ್ರತಿ ರಾತ್ರಿ ಅಂಗಾಲುಗಳನ್ನು ಪರೀಕ್ಷಿಸಲಿ. ಗಾಯವಿಲ್ಲದಿದ್ದರೆ ಹಗುರವಾದ ಎಳ್ಳೆಣ್ಣೆಯ ಅಭ್ಯಂಗ ಸಾಕು. ತಂಬಾಕನ್ನು ಬಿಡಲೇಬೇಕು, ಅದು ಸಂಕೋಚಗೊಂಡ ನಾಳಗಳನ್ನು ಮತ್ತಷ್ಟು ಬಿಗಿಯುತ್ತದೆ.

ಇವರಿಗೆ ಅಂಗವೈಕಲ್ಯ ಪಿಂಚಣಿಯಿಲ್ಲ. ನಿವೃತ್ತಿಯ ವೈದ್ಯಕೀಯ ಮಂಡಳಿಯ ಮುಂದೆ ‘ಏನೂ ತೊಂದರೆಯಿಲ್ಲ’ ಎಂದುಬಿಟ್ಟಿದ್ದರು. ಊರು ಸೇರುವ ಆತುರ. ಮೇಲಾಗಿ, ನೋವು ಹೇಳಿಕೊಳ್ಳುವುದು ಸಿಪಾಯಿಗೆ ನಾಚಿಕೆ! ವೈಕಲ್ಯವು ಸೇವೆಯಿಂದ ಉಂಟಾದದ್ದು ಅಥವಾ ಉಲ್ಬಣಿಸಿದ್ದು ಎಂದಾಗಬೇಕು, ಸಾಮಾನ್ಯವಾಗಿ ಶೇ. 20ಕ್ಕೆ ಕಡಿಮೆಯಿರಬಾರದು. ಸೇರುವಾಗ ರೋಗವನ್ನು ದಾಖಲಿಸದಿದ್ದರೆ ಸೈನಿಕನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಸಂಶಯದ ಲಾಭ ಅವನಿಗೇ ಸಲ್ಲಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿವೃತ್ತಿಯ ನಂತರ ಕಾಣಿಸಿಕೊಂಡ ಬಾಧೆಗೆ ಹಳೆಯ ಕಾಗದದ ಆಧಾರವಿಲ್ಲದಿದ್ದರೆ ದಾರಿ ಕಠಿಣ.

ಅವರ ಮನೆಯವರು ಟ್ರಂಕಿನ ತಳದಿಂದ ಸೇನಾ ಆಸ್ಪತ್ರೆಯ ಚೀಟಿಯೊಂದನ್ನು ಹುಡುಕಿ ತಂದರು: ಶೀತಾಘಾತ, ಎರಡೂ ಪಾದ. ನಾವು ಚಿಕಿತ್ಸೆಯ ವಿವರಗಳನ್ನು ದಿನಾಂಕ ಸಹಿತ ಬರೆದುಕೊಟ್ಟೆವು. ನಮ್ಮ ತಪ್ಪು ಸಲಹೆಯನ್ನೂ ಬಿಡಲಿಲ್ಲ. ನರಗಳ ಪರೀಕ್ಷೆಗೆ ಹುಬ್ಬಳ್ಳಿಗೆ ಕಳುಹಿಸಿದೆವು. ಅರ್ಜಿ ಸೇನೆಯ ದಾಖಲೆ ಕಚೇರಿಗೆ ಹೋಗಿದೆ. ಅಲ್ಲಿ ಒಪ್ಪದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠವಿದೆ. ಉತ್ತರ ಇನ್ನೂ ಬಂದಿಲ್ಲ. ಗುಳ್ಳೆಗಳು ಮಾಯ್ದಿವೆ, ಎಡಗಾಲಿನ ಎರಡು ಬೆರಳುಗಳಿಗೆ ಈಗಲೂ ನೆಲ ತಿಳಿಯುವುದಿಲ್ಲ.